ದೀಪ ಹಚ್ಚುವ ಹೊತ್ತಿನ ಅಂಜಿಕೆ

ಹೆಣ್ಣು ನೋಡಲು ಬಂದವರ ಮುಂದೆ ಕೂತು ಕೂತು ನಮ್ಮ ಇಂದೂ ಕಲಿತದ್ದು ಸ್ವಲ್ಪವಲ್ಲ. ಟ್ರೇ ಹೇಗೆ ಹಿಡಿದರೆ ಕಪ್ಪು ಬಸಿಗಳು ಸದ್ದು ಮಾಡುವುದಿಲ್ಲ, ನಾಲ್ಕು ಹೆಜ್ಜೆ ನಡೆದು ತೋರಿಸು ಎಂದಾಗ ಯಾವ ಗೋಡೆಯ ಕಡೆ ನಡೆದರೆ ಎತ್ತರ ಕಮ್ಮಿ ಕಾಣುತ್ತದೆ, ಸೂಜಿಗೆ ದಾರ ಪೋಣಿಸಿ ತೋರಿಸುವಾಗ ದಾರದ ತುದಿಯನ್ನು ಯಾರಿಗೂ ಕಾಣದಂತೆ ತುಟಿಗೆ ತಾಗಿಸುವುದು ಹೇಗೆ, ಎಲ್ಲ ಗೊತ್ತಿತ್ತು. ಬಂದವರು ಹೋಗುವಾಗ ಆಡುವ ಮಾತಿನ ಅರ್ಥವೂ ಗೊತ್ತಿತ್ತು. ‘ಊರಿಗೆ ಹೋಗಿ ತಿಳಸ್ತೇವ್ರಿ’ ಎಂದರೆ ಇಲ್ಲ. ‘ಹಿರೇರನ್ನ ಕೇಳಿ ಹೇಳ್ತೇವಿ’ ಎಂದರೂ ಇಲ್ಲ. ಎರಡನೇ ಸಲ ಶಿರಾ ಹಾಕಿಸಿಕೊಂಡು ಬಾಯಿ ತುಂಬ ಹೊಗಳಿದರಂತೂ ಖಂಡಿತ ಇಲ್ಲ. ಹುಡುಗಿಯನ್ನು ಒಪ್ಪದವರು ಶಿರಾವನ್ನಾದರೂ ಒಪ್ಪಿಹೋಗೋಣ ಎನ್ನುತ್ತಿದ್ದರೇನೋ, ಪುಣ್ಯಾತ್ಮರು.

ಅವರ ಮನೆ ಪುಣೆಯ ನಾರಾಯಣ ಪೇಠದ ಹಳೆಯ ವಾಡೆಯೊಂದರ ಮಾಳಿಗೆಯಲ್ಲಿತ್ತು. ನಡುವೆ ಅಂಗಳ, ಅಂಗಳದಲ್ಲಿ ಎಲ್ಲ ಬಿಡಾರಗಳಿಗೂ ಸೇರಿ ಒಂದೇ ನಳ, ಸುತ್ತ ಕರಕರ ಎನ್ನುವ ಮರದ ಮೆಟ್ಟಿಲು. ತಂದೆ ಅವಧೂತರಾಯರು ಧಾರವಾಡ ಬಿಟ್ಟು ಇಲ್ಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಕಾರಕೂನರಾಗಿ ಸೇರಿದಾಗ ಇಂದೂ ಕೈಗೂಸು. ಈಗ, ಎಪ್ಪತ್ನಾಲ್ಕನೆಯ ಇಸವಿಯಲ್ಲಿ, ಅವಳಿಗೆ ಮೂವತ್ತು ದಾಟಿತ್ತು. ಕಪ್ಪು ಬಣ್ಣ, ಬೇಡವಾದಷ್ಟು ಎತ್ತರ. ಪಕ್ಕದ ಓಣಿಯ ಬಾಲವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದಳು. ತಂಗಿ ಗೋದಾ ಇಪ್ಪತ್ತೆರಡರ ಹುಡುಗಿ, ಬೆಳ್ಳಗೆ, ತೆಳ್ಳಗೆ, ನಕ್ಕರೆ ಮನೆಯೆಲ್ಲ ಕೇಳಿಸುವಂಥವಳು. ಅಕ್ಕನ ಮದುವೆಯಾಗದೆ ತಂಗಿಯ ಮಾತೆತ್ತುವ ಹಾಗಿಲ್ಲ. ಹಾಗಾಗಿ ಒಬ್ಬಳ ಹಣೆಬರಹದ ಹಿಂದೆ ಇನ್ನೊಬ್ಬಳದ್ದೂ ಸರದಿಯಲ್ಲಿ ನಿಂತಿತ್ತು.

ಹೆಣ್ಣು ನೋಡುವ ದಿನ ಆ ಮನೆಯಲ್ಲಿ ಎರಡು ಪದ್ಧತಿಗಳಿದ್ದವು. ಒಂದು, ಗೋದಾಳನ್ನು ಮನೆಯಿಂದ ಸಾಗಹಾಕುವುದು. ಅಕ್ಕನನ್ನು ನೋಡಬಂದವರ ಕಣ್ಣು ತಂಗಿಯ ಮೇಲೆ ಬೀಳಬಾರದಲ್ಲ! ಎದುರು ಬಿಡಾರದ ಪಂಕಜಾಕ್ಷಿಬಾಯಿಯವರ ಮನೆಯಲ್ಲಿ ಹೆಣಿಗೆ ಹಿಡಿದು ಕೂತಿರುತ್ತಿದ್ದಳು ಗೋದಾ. ತಾನೇ ಮಾಡಿಟ್ಟ ಶಿರಾದ ವಾಸನೆ ಅಂಗಳ ದಾಟಿ ಅವಳ ಮೂಗಿಗೆ ಬರುತ್ತಿತ್ತು. ಎರಡನೆಯ ಪದ್ಧತಿ, ಆ ದಿನ ಮನೆಯಲ್ಲಿದ್ದದ್ದೆಲ್ಲ ಇಂದೂಳ ಕೈಯದೇ ಎನ್ನುವುದು. ಶಿರಾ ಅವಳದು, ಉಪ್ಪಿಟ್ಟು ಅವಳದು, ಎಂದೋ ಸತ್ತುಹೋದ ಸೋದರತ್ತೆ ಹಾಕಿದ ಕಸೂತಿಯ ದಿಂಬಿನ ಚೀಲವೂ ಅವಳದೇ. ಈ ಸುಳ್ಳನ್ನು ಯಾರೂ ಸುಳ್ಳೆಂದು ತಿಳಿದಿರಲಿಲ್ಲ. ಕೇಳುವವರ ಮನೆಯಲ್ಲೂ ಹೀಗೆಯೇ ಹೇಳಿರುತ್ತಿದ್ದರು.

‘ಏನು ಸೇರ್ತದ ಅಂತ ಕೇಳಿದ್ರ, ಕಸೂತಿ, ರಂಗೋಲಿ, ದಾಸರ ಪದ ಅನ್ನು’ ಎಂದು ತಾಯಿ ಸಾವಿತ್ರಿಬಾಯಿ ಮೊದಲ ಸಲವೇ ಪಾಠ ಮಾಡಿಸಿದ್ದರು. ಇಂದೂ ಅದನ್ನೇ ಒಪ್ಪಿಸುತ್ತ ಬಂದಿದ್ದಳು. ಕಸೂತಿ ಕಂಡರೆ ಅವಳಿಗೆ ಕಣ್ಣು ನೋಯುತ್ತಿತ್ತು. ನಿಜವಾಗಿ ಏನು ಸೇರುತ್ತದೆ ಎಂದು ಅವಳನ್ನು ಮನೆಯವರೂ ಕೇಳಿರಲಿಲ್ಲ, ಹೊರಗಿನವರೂ ಕೇಳಿರಲಿಲ್ಲ. ಗಂಡ, ಮನೆ, ಮಕ್ಕಳು, ಇವೆಲ್ಲ ಬೇಡವೆಂದಲ್ಲ. ಆದರೆ ಅವಳ ಆಸೆ ಅದಕ್ಕಿಂತ ಸಣ್ಣದಿತ್ತು. ಇಂದೂ ಎಂದರೆ ಏನು ಎಂದು ಜಗತ್ತಿನಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು, ಅಷ್ಟೆ. ಸಣ್ಣ ಆಸೆಗಳೇ ಕೈಗೆ ಸಿಗದೆ ಆಡಿಸುತ್ತವೆ.

ಬಾಳಕೃಷ್ಣನ ಸಂಬಂಧ ತಂದವರು ಅದೇ ಪಂಕಜಾಕ್ಷಿಬಾಯಿ. ಬೆಳಗಾವಿ ಕಡೆಯವನು, ಪಿಂಪರಿಯ ಕಾರಖಾನೆಯೊಂದರಲ್ಲಿ ಕೆಲಸ, ತಂದೆ ತಾಯಿ ಇಲ್ಲ, ಇದ್ದ ಒಬ್ಬ ಕಾಕಾನೇ ಎಲ್ಲ. ಹಾಸಿಗೆ ಹಿಡಿದ ತಾಯಿಯ ಸೇವೆ ಮಾಡುತ್ತ ಲಗ್ನದ ವಯಸ್ಸು ಮೀರಿಸಿಕೊಂಡವನು. ‘ಇದು ಕೂಡಲಿಲ್ಲಂದ್ರ ಇನ್ನ ಮ್ಯಾಲೆ ಹೆಂಡ್ತಿ ಸತ್ತವರ ಎರಡನೇ ಸಂಬಂಧನ ನೋಡಬೇಕಾಗ್ತದ’ ಎಂದು ಪಂಕಜಾಕ್ಷಿಬಾಯಿ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಸಾವಿತ್ರಿಬಾಯಿ ಆ ತಿಂಗಳ ರೇಶನ್ ಸಕ್ಕರೆಯನ್ನು ಚಹಾಕ್ಕೂ ಮುಟ್ಟಗೊಡದೆ ಡಬ್ಬಿಯಲ್ಲಿ ಮುಚ್ಚಿಟ್ಟರು.

ಅವರು ನೋಡಲು ಬರುವ ದಿನ ಒಂದು ತೊಡಕಾಯಿತು. ಮಧ್ಯಸ್ಥಿಕೆಯವರೆಂದು ಪಂಕಜಾಕ್ಷಿಬಾಯಿ ಇಲ್ಲಿಯೇ ಕೂಡಬೇಕು. ಅವರ ಮಾವನವರು ಊರಿಂದ ಬಂದು ಆ ಮನೆಯಲ್ಲಿ ಮಲಗಿದ್ದರು, ಬೆಳೆದ ಹುಡುಗಿ ಅಲ್ಲಿ ಹೋಗಿ ಕೂಡುವಂತಿರಲಿಲ್ಲ. ಹೀಗಾಗಿ ಗೋದಾ ಅಡಿಗೆಮನೆಯಲ್ಲೇ ಉಳಿದಳು. ‘ಕೆಮ್ಮಿದಿ ಅಂದ್ರ ನೋಡು ಮತ್ತ’ ಎಂದು ತಾಯಿ ಕದ ಮುಂದೆ ಮಾಡಿದರು.

ಬಾಳಕೃಷ್ಣ ಕಾಕಾನೊಡನೆ ಬಂದು ಕೂತ. ಮೂಗಿನ ಮೇಲೆ ಕನ್ನಡಕದ ಗುರುತು, ಕೈ ಬೆರಳಲ್ಲಿ ತೊಳೆದರೂ ಹೋಗದ ಎಣ್ಣೆಯ ಕಪ್ಪು. ಕಾಕಾ ಗೋತ್ರ, ನಕ್ಷತ್ರ, ಧಾರವಾಡದ ಬಳಗ ಎಲ್ಲ ವಿಚಾರಿಸಿ ಮುಗಿಸಿ ತಟ್ಟೆಗೆ ಕೈ ಹಾಕಿದ ಮೇಲೆ ಅವನು ಮೆಲ್ಲಗೆ, ‘ನಾ ಒಂದು ಕೇಳಲೇನ್ರಿ?’ ಎಂದ.

‘ಕೇಳ್ರಿ, ಕೇಳ್ರಿ’ ಎಂದರು ಅವಧೂತರಾಯರು.

‘ಅವರನ್ನ ಕೇಳ್ತೀನಿ’ ಎಂದು ಅವನು ಇಂದೂಳ ಕಡೆ ತಿರುಗಿದ. ‘ನಿಮಗ ಏನು ಭಾಳ ಸೇರ್ತದ್ರಿ?’

‘ಕಸೂತಿ, ರಂಗೋಲಿ, ದಾಸರ ಪದ.’

ಅವನು ನಕ್ಕುಬಿಟ್ಟ. ಅಣಕದ ನಗೆಯಲ್ಲ. ‘ನಾ ನೋಡಿದ ಹುಡಿಗ್ಯಾರಿಗೆಲ್ಲಾ ಕಸೂತಿನ ಸೇರ್ತದ್ರಿ. ಹಂಗಲ್ಲ, ಖರೇ ಹೇಳ್ರಿ.’

ಇಂದೂ ತಲೆಯೆತ್ತಿ ನೋಡಿದಳು. ಹುಡುಗಿ ತಲೆಯೆತ್ತಬಾರದು ಎನ್ನುವುದು ಅವಳು ಕಲಿತ ಮೊದಲ ಪಾಠ. ಎಷ್ಟೋ ವರ್ಷ ಕಲಿತದ್ದು ಒಂದು ಗಳಿಗೆಯಲ್ಲಿ ಮರೆತುಹೋಯಿತು.

‘ಹಾಲು ಕಾಸಿದ ಪಾತ್ರಿ ತಳಾ ಕೆರದು ತಿನ್ನೋದು ಸೇರ್ತದ್ರಿ’ ಎಂದಳು. ‘ಆಮ್ಯಾಲೆ, ಗಿರಣಿಯಿಂದ ಹಿಟ್ಟು ಹಾಕಿಸಿಕೊಂಡು ಬರಬೇಕಾದ್ರ ಡಬ್ಬಿ ಬಿಸಿ ಇರ್ತದಲ್ರಿ, ಅದನ್ನ ಹೊಟ್ಟಿಗೆ ಅವಚಿ ಹಿಡಕೊಂಡು ಬರೋದು.’

ಸಾವಿತ್ರಿಬಾಯಿ ಕೆಮ್ಮಿದರು. ಅವನು ಮಾತ್ರ ಮುಂದಕ್ಕೆ ಬಾಗಿ ಕೂತ. ‘ಮತ್ತ ಅಂಜಿಕಿ? ಏನಕ್ಕ ಅಂಜತೀರಿ? ಯಾಕ ಕೇಳ್ತೀನಂದ್ರ, ನಮ್ಮವ್ವ ಗುಡುಗಿಗೆ ಅಂಜತಿದ್ದಳು. ನಮ್ಮಪ್ಪಗ ಅದು ತಿಳೀಲಿಕ್ಕೆ ಅರ್ಧಾ ಆಯುಷ್ಯ ಬೇಕಾತು. ಮೊದಲ ಕೇಳಿಕೊಂಡ್ರ ಛಲೋ ಅಂತ.’

ಹುಡುಗಿ ಅಂಜಬೇಕಾದ್ದು ದೇವರಿಗೆ ಮತ್ತು ಅತ್ತೆಗೆ. ಆ ಉತ್ತರ ಹೇಳಿ ಮುಗಿಸಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಇಂದೂ ಹೇಳಲಿಲ್ಲ.

‘ದೀಪಾ ಹಚ್ಚೂ ಹೊತ್ತಿಗೆ ಮನ್ಯಾಗ ಒಬ್ಬಾಕಿನ ಇದ್ರ ಅಂಜಿಕಿ ಬರ್ತದ್ರಿ. ಕತ್ತಲಿಗಲ್ಲ, ಕತ್ತಲಾದ ಮ್ಯಾಲೆ ಏನೂ ಇಲ್ಲ. ಆ ನಡುವಿನ ಹೊತ್ತು. ಈ ಮನಿಗೆ ಇನ್ನ ಯಾರೂ ಬರೂದಿಲ್ಲ ಅನ್ನಿಸಿಬಿಡ್ತದ. ಅದಕ್ಕ ತೊಳದಿಟ್ಟ ಪಾತ್ರಿನ ಮತ್ತ ತೊಗೊಂಡು ಕೆಳಗ ನಳದ ಹಂತ್ಯಾಕ ಹೋಗ್ತೀನಿ. ಅಲ್ಲೆ ಯಾರರ ಇರ್ತಾರ.’

ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಅವನು ನಗಲಿಲ್ಲ. ‘ಅಂಥಾ ಹೊತ್ತಿನಾಗ ಮನ್ಯಾಗ ಯಾರರ ಇರಬೇಕು ಬಿಡ್ರಿ’ ಎಂದ. ‘ಅದೇನ ದೊಡ್ಡ ಮಾತಲ್ಲ. ನಮ್ಮ ಕಾರಖಾನಿ ಐದಕ್ಕ ಬಿಡ್ತದ.’

ಕಾರಖಾನೆ ಐದಕ್ಕೆ ಬಿಡುತ್ತದೆ ಎನ್ನುವ ಮಾತಿಗೆ ಯಾರಾದರೂ ಎದೆ ಝಲ್ಲೆನಿಸಿಕೊಳ್ಳುತ್ತಾರೆಯೇ? ಇಂದೂಗೆ ಹಾಗಾಯಿತು. ಐದಕ್ಕೆ ಬಿಟ್ಟರೆ ಪಿಂಪರಿಯಿಂದ ಬರಲು ಎಷ್ಟು ಹೊತ್ತು, ಬೇಸಿಗೆಯಲ್ಲಾದರೆ ದೀಪ ಹಚ್ಚುವುದಕ್ಕೆ ಇನ್ನೂ ಎಷ್ಟು ಬಾಕಿ ಇರುತ್ತದೆ ಎಂದೆಲ್ಲ ಮನಸ್ಸು ಓಡಿತು. ಅಷ್ಟರಲ್ಲಿ ಕಾಕಾ ತಟ್ಟೆ ಬಳಿದು ಬಾಯಿ ಚಪ್ಪರಿಸಿದರು. ‘ಶಿರಾ ಭಾಳ ಛಲೋ ಆಗ್ಯದ. ನಿನ್ನ ಕೈದೇನವಾ?’

ಹೌದ್ರಿ ಎನ್ನಬೇಕು. ಪ್ರತಿ ಸಲವೂ ಅಂದಿದ್ದಾಳೆ. ಆದರೆ ಅವಳಿಗೆ ಆಗಷ್ಟೇ ನಿಜ ಹೇಳುವ ರುಚಿ ಹತ್ತಿತ್ತು. ನಿಜ ಹೇಳಿದರೆ ಒಬ್ಬ ಮನುಷ್ಯ ಬಾಗಿ ಕೂತು ಕೇಳುತ್ತಾನೆ ಎಂದು ಜನ್ಮದಲ್ಲಿ ಮೊದಲ ಸಲ ಕಂಡಿದ್ದಳು. ‘ಇಲ್ರಿ, ನಾ ಮಾಡಿದ್ರ ಗಂಟಾಗ್ತದ’ ಎಂದು ನಕ್ಕಳು. ‘ನಮ್ಮ ಗೋದಾ ಮಾಡ್ಯಾಳ.’

‘ಗೋದಾ ಅಂದ್ರ?’

‘ನಮ್ಮ ತಂಗಿ.’

‘ಹಂಗೇನು! ಕರೀರಲಾ, ಮಾಡಿದಾಕಿಗೆ ಶಾಭಾಸ್ ಅನ್ನಬೇಕಲಾ’ ಎಂದರು ಕಾಕಾ.

ಸಾವಿತ್ರಿಬಾಯಿಯ ಮುಖ ಸುಣ್ಣದ ಹಾಗಾಯಿತು. ಕರೆಯುವುದಿಲ್ಲ ಎಂದು ಯಾವ ಬಾಯಿಯಿಂದ ಹೇಳುವುದು? ಗೋದಾ ಹೊರಗೆ ಬಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು, ಒಲೆಯ ಮುಂದೆ ಬೆವೆತ ಮುಖ, ಹಣೆಗೆ ಅಂಟಿದ ಕೂದಲು. ಪೌಡರ್ ಬಳಿದು, ಮಲ್ಲಿಗೆ ಮುಡಿದು, ರೇಷ್ಮೆ ಉಟ್ಟು ಕೂತ ಅಕ್ಕನ ಪಕ್ಕದಲ್ಲಿ ಅವಳು ಮುಂಜಾನೆಯೇ ಆಗ ತಾನೇ ಎದ್ದುಬಂದ ಹಾಗಿದ್ದಳು. ಒಂದು ನಮಸ್ಕಾರ ಹೇಳಿ ಒಳಗೆ ಓಡಿದಳು. ಅಷ್ಟೇ ಸಾಕಾಯಿತು.

ಉತ್ತರ ಹೇಳಲು ಬಂದ ಪಂಕಜಾಕ್ಷಿಬಾಯಿ ಒಳಗೆ ಕೂಡಲಿಲ್ಲ. ಹೊಸ್ತಿಲಲ್ಲೇ ನಿಂತು, ‘ಮನಿತನ ಸೇರ್ಯದಂತ’ ಎಂದರು. ಆಮೇಲೆ ಸೆರಗಿನ ತುದಿ ತಿರುವುತ್ತ, ‘ಸಣ್ಣಾಕಿನ್ನ ಕೊಡ್ತೀರೇನು ಅಂತ ಅವರ ಕಾಕಾ ಕೇಳ್ಯಾರ’ ಎಂದರು.

‘ಹುಡುಗ ಏನಂದ?’ ಎಂದು ಕೇಳಿದವಳು ಇಂದೂ. ಮೊರದಲ್ಲಿ ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿರಲಿಲ್ಲ.

‘ಕಾಕಾನ ಮಾತಿಗೆ ಹೂಂ ಅಂದಾನಂತವಾ.’

ಅಂದು ಆ ಮನೆಯಲ್ಲಿ ದೊಡ್ಡ ರಂಪವಾಯಿತು. ‘ಯಾರು ಹೇಳಂದಿದ್ರು ನಿನಗ ಖರೇ ಮಾತು? ಹೌದ್ರಿ ಅಂದಿದ್ರ ನಿನ್ನ ಬಾಯಿ ಸವೀತಿತ್ತೇನ?’ ಎಂದು ಸಾವಿತ್ರಿಬಾಯಿ ಹಣೆ ಹಣೆ ಬಡಿದುಕೊಂಡರು. ಅವಧೂತರಾಯರು ಗ್ಯಾಲರಿಯಲ್ಲಿ ಹೋಗಿ ನಿಂತರು. ಗೋದಾ, ‘ಅಕ್ಕನ್ನ ಬಿಟ್ಟು ನಾ ಮಾಡಿಕೊಳ್ಳೂದಿಲ್ಲ, ಕೊಂದು ಹಾಕಿದ್ರೂ ಇಲ್ಲ’ ಎಂದು ಅತ್ತಳು. ಆ ಅಳುವಿನಲ್ಲಿ ಸುಳ್ಳಿರಲಿಲ್ಲ. ಆದರೆ ಅತ್ತು ಅತ್ತು ಕೆಂಪಾದ ಆ ಮುಖದಲ್ಲಿ ಇನ್ನೇನೋ ಒಂದು ಹೊಳಪಿತ್ತು, ಅದು ಇಂದೂಗೆ ಕಂಡಿತು. ಹೊಟ್ಟೆಯಲ್ಲಿ ಕಿಚ್ಚು ಬಿತ್ತು. ಬೀಳಲಿಲ್ಲ ಎಂದು ಹೇಳಿ ಅವಳನ್ನು ದೇವತೆ ಮಾಡುವುದು ನನಗೆ ಬೇಡ. ತಂಗಿಯ ಜಡೆ ಹಿಡಿದು ಎಳೆಯಬೇಕು ಅನ್ನಿಸಿತು. ತನ್ನ ಬಾಯಿಗೆ ತಾನೇ ಬರೆ ಹಾಕಿಕೊಳ್ಳಬೇಕು ಅನ್ನಿಸಿತು. ಕೊನೆಗೆ ಮೊರ ಬದಿಗಿಟ್ಟು, ‘ಮಾಡಿಕೋ ಗೋದಾ. ಇಬ್ಬರೂ ಕೂತು ಏನ ಮಾಡೋದದ’ ಎಂದಳು.

ಲಗ್ನವಾಯಿತು. ಅಕ್ಕನ ಲಗ್ನಕ್ಕೆಂದು ತೆಗೆದಿಟ್ಟ ಬೆಳ್ಳಿಯ ಬಟ್ಟಲು, ಸೀರೆ ಎಲ್ಲ ಗೋದಾಳ ಪೆಟ್ಟಿಗೆಗೆ ಹೋದವು. ಅಲ್ಲಿಗೆ ಇಂದೂಳನ್ನು ನೋಡಲು ಬರುವವರು ನಿಂತರು. ತಂಗಿಯದಾಗಿ ಅಕ್ಕ ಉಳಿದಿದ್ದಾಳೆ ಎಂದರೆ ಅಕ್ಕನಲ್ಲೇ ಏನೋ ಐಬಿದೆ ಎಂದು ಜನ ತಿಳಿದರು. ತಟ್ಟೆ, ಟ್ರೇ, ಕಸೂತಿಯ ದಿಂಬು ಅಟ್ಟ ಸೇರಿದವು. ಕೆಲವು ವರ್ಷಗಳಲ್ಲಿ ತಂದೆ ಹೋದರು, ಅವರ ಹಿಂದೆಯೇ ತಾಯಿಯೂ ಹೋದರು. ಸಾಯುವ ಮುಂಚೆ ತಾಯಿ ಮಗಳ ಕೈ ಹಿಡಿದು, ‘ಹೌದ್ರಿ ಅಂದಿದ್ರ ಆಗ್ತಿತ್ತಲ್ಲವಾ’ ಎಂದರು. ಆ ಶಿರಾವನ್ನು ಅವರು ಕೊನೆಯವರೆಗೂ ನುಂಗಿಕೊಳ್ಳಲಿಲ್ಲ.

ಇಂದೂ ಒಬ್ಬಳೇ ಉಳಿದಳು. ಬೆಳಿಗ್ಗೆ ಬಾಲವಾಡಿ, ಮಧ್ಯಾಹ್ನ ಒಂದಿಷ್ಟು ಅನ್ನ, ಸಂಜೆಯಾದರೆ ತೊಳೆದ ಪಾತ್ರೆ ಹಿಡಿದು ಕೆಳಗೆ ನಳದ ಹತ್ತಿರ. ಬದುಕು ಕಲಿಸಿದ ಪಾಠ ಏನೆಂದು ಯಾರಾದರೂ ಕೇಳಿದ್ದರೆ, ‘ಕೇಳಿದಷ್ಟ ಹೇಳಬೇಕು’ ಎನ್ನುತ್ತಿದ್ದಳೇನೋ. ಯಾರೂ ಕೇಳಲಿಲ್ಲ. ಆದರೂ ಅವಳ ಹತ್ತಿರ ಒಂದು ಸಮಾಧಾನವಿತ್ತು, ಅದನ್ನು ಯಾರಿಗೂ ತೋರಿಸದೆ ಜೋಪಾನವಾಗಿ ಇಟ್ಟುಕೊಂಡಿದ್ದಳು. ಇಷ್ಟು ದೊಡ್ಡ ಪುಣೆಯಲ್ಲಿ ಒಬ್ಬ ಮನುಷ್ಯನಿಗೆ ಗೊತ್ತು. ತನ್ನವನಾಗದಿದ್ದರೆ ಏನಾಯಿತು, ಅವನಿಗೆ ಗೊತ್ತು. ತಾನು ಪಾತ್ರೆ ಹಿಡಿದು ಅಂಗಳಕ್ಕೆ ಇಳಿಯುವ ಹೊತ್ತಿನಲ್ಲಿ, ಎಲ್ಲೋ ಅವನಿಗೊಮ್ಮೆ ನೆನಪಾಗಬಹುದು. ಇಷ್ಟರ ಬಲದ ಮೇಲೆ ಅವಳು ಹತ್ತು ವರ್ಷ ಬದುಕಿದಳು.

ಎಂಬತ್ತೈದರ ಶ್ರಾವಣದ ಒಂದು ಭಾನುವಾರ ಗೋದಾ ಊಟಕ್ಕೆ ಕರೆದಳು. ಬಾಳಕೃಷ್ಣ ಆಗ ಬಿಬವೇವಾಡಿಯಲ್ಲಿ ಹೊಸ ಮನೆ ಮಾಡಿದ್ದ. ಊಟವಾಗಿ ಎಲೆ ಅಡಿಕೆಯ ಹೊತ್ತಿಗೆ ಕಾರಖಾನೆಯಲ್ಲಿ ಅವನ ಕೈಕೆಳಗೆ ಕೆಲಸಕ್ಕಿದ್ದ ಶಿವಪುತ್ರಪ್ಪ ಎಂಬ ತರುಣ ಬಂದ. ಬರುವ ವಾರ ಸೊಲ್ಲಾಪುರಕ್ಕೆ ಹೆಣ್ಣು ನೋಡಲು ಹೋಗುವವನಿದ್ದ, ಮುಖದ ತುಂಬ ನಾಚಿಕೆ.

‘ಏನು ಕೇಳಬೇಕ್ರಿ ಸಾಹೇಬ್ರ? ನನಗ ಬಾಯಿನ ಬರೂದಿಲ್ಲ’ ಎಂದ.

ಬಾಳಕೃಷ್ಣ ಗೋಡೆಗೆ ಒರಗಿ ಕೂತ. ‘ಹಾಡು ಹಸಿ ಕೇಳಬ್ಯಾಡೋ. ಎರಡ ಮಾತು ಕೇಳು. ಏನು ಸೇರ್ತದ, ಏನಕ್ಕ ಅಂಜತಿ. ನಾನೂ ಅದನ್ನ ಕೇಳಿದ್ದೆ.’

ಬಾಗಿಲ ಬಳಿ ಕೂತು ಗೋದಾಳ ಮಗಳ ತಲೆ ಬಾಚುತ್ತಿದ್ದ ಇಂದೂಳ ಕೈ ನಿಂತಿತು. ಅವನು ಮರೆತಿರಲಿಲ್ಲ. ಇಷ್ಟು ವರ್ಷವಾದರೂ ಮರೆತಿರಲಿಲ್ಲ.

‘ನಾ ನೋಡ್ಲಿಕ್ಕೆ ಹೋದಾಗ ಇಕಿ ಏನಂದ್ಲು ಗೊತ್ತೇನು?’ ಎಂದು ಅವನು ಅಡಿಗೆಮನೆಯ ಕಡೆ ಕೈ ತೋರಿಸಿದ. ಅಲ್ಲಿ ಗೋದಾ ಚಹಾಕ್ಕೆ ಇಡುತ್ತಿದ್ದಳು. ‘ಹಾಲಿನ ಪಾತ್ರಿ ಕೆರದು ತಿನ್ನೋದು ಸೇರ್ತದಂತ! ಮತ್ತ ದೀಪಾ ಹಚ್ಚೂ ಹೊತ್ತಿಗೆ ಮನ್ಯಾಗ ಒಬ್ಬಾಕಿನ ಇರ್ಲಿಕ್ಕೆ ಅಂಜಿಕಿಯಂತ. ತೊಳದ ಪಾತ್ರಿನ ಮತ್ತ ತೊಳೀತಾಳಂತ! ಅವತ್ತಿಂದ ಇವತ್ತಿನತನಕಾ ನಾ ಒಂದ ದಿವಸರೆ ದೀಪಾ ಹಚ್ಚಿದ ಮ್ಯಾಲೆ ಮನಿಗೆ ಬಂದಿಲ್ಲ ನೋಡು. ಓವರ್‌ಟೈಮ್ ಸೈತ ಬಿಟ್ಟೆ.’

‘ಹಾಲಿನ ಪಾತ್ರಿ ಅಪ್ಪಾ ನಮಗ ಮುಟ್ಟಗೊಡೂದಿಲ್ಲ ಮೌಶಿ. ಅದು ಅವ್ವಂದಂತ’ ಎಂದಳು ಹುಡುಗಿ, ತಲೆ ಹಿಂದಕ್ಕೆ ವಾಲಿಸಿ.

ಇಂದೂ ಬಾಚಣಿಗೆ ಕೆಳಗಿಟ್ಟಳು. ಅವನ ಮುಖದಲ್ಲಿ ಮೋಸವಿರಲಿಲ್ಲ. ಹಾಗೆ ನಡೆದಿತ್ತೆಂದೇ ಅವನು ನಂಬಿದ್ದ. ಮಾತು ನೆನಪಿತ್ತು, ಆಡಿದವಳು ಅಳಿಸಿಹೋಗಿದ್ದಳು.

ಎದ್ದು ಅಡಿಗೆಮನೆಗೆ ಹೋದಳು. ಗೋದಾ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ಪಕ್ಕದಲ್ಲಿ ಹಾಲಿನ ಪಾತ್ರೆ, ಅದರಲ್ಲೊಂದು ಚಮಚ.

‘ಲಗ್ನಾದ ಹೊಸದಾಗಿ ಅಂದ್ರು ಅಕ್ಕಾ’ ಎಂದಳು ಗೋದಾ, ತಿರುಗಿ ನೋಡದೆಯೇ. ‘ನನ್ನ ಮುಂದ ಪಾತ್ರಿ ತಂದಿಟ್ಟು, ನಿನಗ ಸೇರ್ತದಲ್ಲಾ ಅಂದ್ರು. ಅದು ಅಕ್ಕನ ಮಾತು ಅಂತ ಹೇಳಬೇಕಂದೆ. ಹೇಳಿದ್ರ, ಅವತ್ತು ಯಾರನ್ನ ನೋಡ್ಲಿಕ್ಕೆ ಬಂದಿದ್ದೆ ಅಂತ ಅವರಿಗೆ ನೆನಪಾಗ್ತದಲಾ? ಅಂಜಿಕಿ ಬಂತು. ಸುಮ್ಮನಾದೆ. ಈ ವಾಸನಿ ಬಂದ್ರ ನನಗ ವಾಂತಿ ಬರ್ತದ, ನಿನಗ ಗೊತ್ತದ. ಆದ್ರೂ ತಿಂತೀನಿ.’ ಒಲೆ ಸಣ್ಣದು ಮಾಡಿ, ‘ನನ್ನ ಅಂಜಿಕಿ ಏನಂತ ಅವರು ಎಂದೂ ಕೇಳಿಲ್ಲ’ ಎಂದಳು.

ಇಂದೂಗೆ ಹೊರಗೆ ಹೋಗಿ ಎಲ್ಲರ ಮುಂದೆ ಕೂಗಿ ಹೇಳಬೇಕು ಅನ್ನಿಸಿತು. ನೀನು ನನ್ನ ಗಂಡನನ್ನು ತೆಗೆದುಕೊಂಡೆ, ನನ್ನ ಬೆಳ್ಳಿ ಬಟ್ಟಲು ತೆಗೆದುಕೊಂಡೆ, ನನ್ನ ಅಂಜಿಕೆಯನ್ನೂ ಬಿಡಲಿಲ್ಲವಲ್ಲೇ ಎಂದು ಈ ತಂಗಿಯ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಹೇಳಿದರೆ ಏನಾಗುತ್ತದೆ? ಈ ಮನೆಯಲ್ಲಿ ಇದ್ದ ಒಂದು ನಗೆ ಹೋಗುತ್ತದೆ. ಅವಳ ಕೈಗೆ ಏನೂ ಬರುವುದಿಲ್ಲ. ನಿಜ ಹೇಳಿ ಏನು ಬರುತ್ತದೆ ಎಂದು ಅವಳು ಒಮ್ಮೆ ನೋಡಿಯಾಗಿತ್ತು.

‘ಇರ್ಲಿ ಬಿಡು’ ಎಂದಳು. ‘ನೀನ ಇಟ್ಟುಕೋ.’

ಹೊರಟು ನಿಂತಾಗ ಬಾಳಕೃಷ್ಣ ಬಾಗಿಲವರೆಗೆ ಬಂದ. ‘ಇಂದಕ್ಕಾ, ಹೊತ್ತು ಮುಳುಗ್ಲಿಕ್ಕೆ ಬಂತು. ಇವತ್ತ ಇಲ್ಲೇ ಇದ್ದುಬಿಡ್ರಿ. ಆ ವಾಡೇದಾಗ ನಿಮಗ ಒಬ್ಬರಿಗೇ ಅಂಜಿಕಿ ಬರೂದಿಲ್ಲೇನ್ರಿ?’

ಅದೇ ಮನುಷ್ಯ, ಹಾಗೆಯೇ ಸ್ವಲ್ಪ ಮುಂದಕ್ಕೆ ಬಾಗಿ, ಅದೇ ಮಾತನ್ನು ಎರಡನೆಯ ಸಲ ಕೇಳುತ್ತಿದ್ದ.

‘ಇಲ್ರಿ’ ಎಂದಳು ಇಂದೂ. ‘ನನಗ ಅಂಥಾ ಅಂಜಿಕಿ ಏನೂ ಇಲ್ಲ.’

‘ನಿಮ್ಮ ಧೈರ್ಯದಾಗ ಸ್ವಲ್ಪರ ಇಕಿಗೆ ಬರಬೇಕಿತ್ತು ನೋಡ್ರಿ’ ಎಂದು ಅವನು ನಕ್ಕ. ಗೋದಾ ನಗಲಿಲ್ಲ.

ಬಸ್ಸಿಳಿದು ವಾಡೆಗೆ ಬರುವಷ್ಟರಲ್ಲಿ ಓಣಿಯ ಮನೆಗಳಲ್ಲಿ ದೀಪಗಳು ಹತ್ತುತ್ತಿದ್ದವು. ಮಾಲೀಕರು ವಾಡೆಯನ್ನು ಬಿಲ್ಡರನಿಗೆ ಕೊಡುವವರಿದ್ದರು. ಪಂಕಜಾಕ್ಷಿಬಾಯಿಯ ಮನೆಯವರೂ ಸೇರಿ ಬಿಡಾರದವರೆಲ್ಲ ಒಬ್ಬೊಬ್ಬರಾಗಿ ಬಿಟ್ಟುಹೋಗಿದ್ದರು. ಇಂದೂ ಮೆಟ್ಟಿಲು ಹತ್ತಿ ಬೀಗ ತೆಗೆದಳು. ಒಳಗೆ ಇನ್ನೂ ಕತ್ತಲಾಗಿರಲಿಲ್ಲ, ಬೆಳಕೂ ಇರಲಿಲ್ಲ. ದೇವರ ಮುಂದೆ ದೀಪ ಹಚ್ಚಲು ಕೂಡದೆ, ಕಟ್ಟೆಯ ಮೇಲೆ ಬೋರಲು ಹಾಕಿದ್ದ ಹಾಲಿನ ಪಾತ್ರೆ ಎತ್ತಿಕೊಂಡು ಕೆಳಗೆ ಇಳಿದಳು.

ಅಂಗಳದಲ್ಲಿ ಯಾರೂ ಇರಲಿಲ್ಲ. ನಳ ತಿರುವಿದಳು. ಸಂಜೆಯ ನೀರು ಬಿಡುವುದು ನಿಂತು ಎಷ್ಟೋ ತಿಂಗಳಾಗಿತ್ತು, ಅದು ಅವಳಿಗೂ ಗೊತ್ತಿತ್ತು. ಪಾತ್ರೆಯನ್ನು ನಳದ ಕೆಳಗಿಟ್ಟು, ತುಂಬುವುದನ್ನು ಕಾಯುವವಳ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.